ಗಿರಾಕಿಯು ಷೇರುದಾರನೂ ಆಗಬೇಕೆ? – ಒಂದೇ ವಾರದ ಎರಡು ವಿತರಣೆಗಳ ಲೆಕ್ಕ

2006ರ ಮೇ ತಿಂಗಳ ಮೂರನೆಯ ವಾರದಲ್ಲಿ ಪೀಣ್ಯ ಎರಡನೆಯ ಹಂತದ ಒಬ್ಬ ಕಾರ್ಖಾನೆದಾರರು ನನ್ನ ಕಚೇರಿಗೆ ಎರಡು ಕಾಗದಗಳನ್ನು ಹಿಡಿದು ಬಂದರು. ಲೇತ್ ಯಂತ್ರಗಳಲ್ಲಿ ಬಿಡಿಭಾಗಗಳನ್ನು ಮಾಡಿಕೊಡುವುದು ಅವರ ಉದ್ಯೋಗ. ಇಪ್ಪತ್ತೆರಡು ಜನ ಕೆಲಸಗಾರರು. ಅವರ ಲೆಕ್ಕಪತ್ರಗಳನ್ನು ನಾನು ಅಂದಿಗೆ ಆರು ವರ್ಷಗಳಿಂದ ನೋಡುತ್ತಿದ್ದೆ. ಮೊದಲನೆಯದು ಡೆಕ್ಕನ್ ಏವಿಯೇಷನ್ ಕಂಪನಿಯ, ಎಂದರೆ ನಾವೆಲ್ಲರೂ ಏರ್ ಡೆಕ್ಕನ್ ಎಂದು ಕರೆಯುತ್ತಿದ್ದ ಸಂಸ್ಥೆಯ ಸಾರ್ವಜನಿಕ ಷೇರು ವಿತರಣೆಯ ಅರ್ಜಿ. ಎರಡನೆಯದು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಅವರ ಮಗಳು ಕಳುಹಿಸಿದ ಇ-ಮೇಲ್‌ನ ಮುದ್ರಿತ ಪ್ರತಿ. ಆಕೆ ವಾನೇಜ್ ಎಂಬ ಅಂತರ್ಜಾಲ ದೂರವಾಣಿ ಕಂಪನಿಯ ಗ್ರಾಹಕಳು. ಆ ಕಂಪನಿಯೂ ಅದೇ ವಾರ ಷೇರು ಪೇಟೆಗೆ ಬರುತ್ತಿದ್ದು, ತನ್ನ ಗ್ರಾಹಕರಿಗೆಂದೇ ಒಂದು ಪಾಲನ್ನು ಎತ್ತಿಟ್ಟಿತ್ತು.

"ಆಡಿಟರೇ, ನಾನು ಹುಬ್ಬಳ್ಳಿಗೆ ಇದೇ ವಿಮಾನದಲ್ಲಿ ಹೋಗೋದು. ಮಗಳು ದಿನಾ ರಾತ್ರಿ ಮನೆಗೆ ಮಾತಾಡೋದು ಆ ಫೋನಿನಲ್ಲೇ. ಎರಡೂ ನಮಗೆ ಗೊತ್ತಿರೋ ಸಾಮಾನು. ಗೊತ್ತಿಲ್ಲದ ಕಂಪನಿಗೆ ಹಾಕೋದಕ್ಕಿಂತ ಇದು ವಾಸಿಯಲ್ಲವೇ?" ಎಂದರು.

ಈ ಪ್ರಶ್ನೆಯನ್ನು ಅಂದಿನಿಂದ ಇಂದಿನವರೆಗೆ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ನಾನು ಹಲವು ಬಾರಿ ಕೇಳಿದ್ದೇನೆ. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಕಂಪನಿಗಳು ಸಾಲುಸಾಲಾಗಿ ಷೇರು ಪೇಟೆಗೆ ಬಂದಿರುವುದರಿಂದ ನಮ್ಮ ಸದಸ್ಯರಲ್ಲಿ ಅನೇಕರು ಇದೇ ಮಾತನ್ನು ಕೇಳುತ್ತಿದ್ದಾರೆ. ಆದುದರಿಂದ ಆ ಎರಡು ವಿತರಣೆಗಳು ಏನಾದವು ಎಂಬುದನ್ನು ಆದಿಯಿಂದ ಅಂತ್ಯದವರೆಗೆ ಒಮ್ಮೆ ನೋಡುವುದು ಉಪಯುಕ್ತವೆಂದು ತೋರುತ್ತದೆ.

ವಾನೇಜ್: 17 ಡಾಲರಿನ ಕಥೆ

ವಾನೇಜ್ ಮಾರುತ್ತಿದ್ದುದು ಸರಳವಾದ ಸೇವೆ. ಮನೆಯ ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೆ ಒಂದು ಸಣ್ಣ ಪೆಟ್ಟಿಗೆಯನ್ನು ಜೋಡಿಸಿ, ಅದಕ್ಕೆ ಸಾಮಾನ್ಯ ಟೆಲಿಫೋನನ್ನು ಸಿಕ್ಕಿಸಿದರೆ ಸಾಕು. ಧ್ವನಿಯು ತುಣುಕುಗಳಾಗಿ ಅಂತರ್ಜಾಲದ ಮೂಲಕ ಸಾಗುತ್ತದೆ. ತಿಂಗಳಿಗೆ 24.99 ಡಾಲರ್ ಕೊಟ್ಟರೆ ದೇಶದೊಳಗೆ ಎಷ್ಟು ಬೇಕಾದರೂ ಮಾತನಾಡಬಹುದಿತ್ತು. ಅಮೆರಿಕದಿಂದ ಬರುವ ಮಕ್ಕಳು ಈ ಪೆಟ್ಟಿಗೆಯನ್ನು ಸೂಟ್‌ಕೇಸಿನಲ್ಲಿ ತಂದು ವೈಟ್‌ಫೀಲ್ಡ್, ಜಯನಗರಗಳ ಮನೆಗಳಲ್ಲಿ ಜೋಡಿಸಿ ಹೋಗುತ್ತಿದ್ದುದನ್ನು ನಾನೇ ಕಂಡಿದ್ದೇನೆ. ನಮ್ಮ ದೇಶದಲ್ಲಿ 2002ರ ಏಪ್ರಿಲ್ 1ರಿಂದ ಅಂತರ್ಜಾಲ ದೂರವಾಣಿಗೆ ಅನುಮತಿ ದೊರೆತಿತ್ತಾದರೂ, ಅದರ ಮೂಲಕ ಇಲ್ಲಿನ ಸ್ಥಿರ ಮತ್ತು ಮೊಬೈಲ್ ಸಂಖ್ಯೆಗಳಿಗೆ ಕರೆ ಮಾಡುವುದಕ್ಕೆ ನಿರ್ಬಂಧವಿತ್ತು. ಆದುದರಿಂದ ವಾನೇಜಿನಂಥ ಕಂಪನಿ ಇಲ್ಲಿ ಹುಟ್ಟುವುದು ಸಾಧ್ಯವಿರಲಿಲ್ಲ. ಬಿಎಸ್‌ಎನ್‌ಎಲ್ ತನ್ನ ವಿಂಗ್ಸ್ ಸೇವೆಯನ್ನು ಪ್ರಕಟಿಸಿದ್ದು 2018ರಲ್ಲಿ. ಅಷ್ಟರೊಳಗೆ ವಾಟ್ಸಾಪ್ ಆ ಪೇಟೆಯನ್ನು ಪುಕ್ಕಟೆಯಾಗಿಯೇ ಮುಗಿಸಿತ್ತು.

ಸೇವೆ ಅಗ್ಗವಾಗಿತ್ತು, ಗ್ರಾಹಕರು ಸಂತುಷ್ಟರಾಗಿದ್ದರು. ಆದರೆ ಲೆಕ್ಕಪತ್ರ ಏನನ್ನು ಹೇಳುತ್ತಿತ್ತು? 2005ರಲ್ಲಿ ಕಂಪನಿಯ ಆದಾಯ ಸುಮಾರು 26.9 ಕೋಟಿ ಡಾಲರ್. ಅದೇ ವರ್ಷ ಜಾಹೀರಾತು ಮತ್ತು ಮಾರಾಟ ಪ್ರಚಾರಕ್ಕೆ ಮಾಡಿದ ವೆಚ್ಚ 24.3 ಕೋಟಿ ಡಾಲರ್. ನಿವ್ವಳ ನಷ್ಟ 26.1 ಕೋಟಿ ಡಾಲರ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಂದು ರೂಪಾಯಿ ವ್ಯಾಪಾರ ಮಾಡಲು 90 ಪೈಸೆಯನ್ನು ಬೋರ್ಡು ಬರೆಸುವುದಕ್ಕೇ ಖರ್ಚು ಮಾಡಿ, ಎಲ್ಲ ಮುಗಿದ ಮೇಲೆ 97 ಪೈಸೆ ಕೈಬಿಟ್ಟ ಅಂಗಡಿ ಅದು. ಇಷ್ಟಾಗಿಯೂ ಬಂದ ಗಿರಾಕಿ ನಿಲ್ಲುತ್ತಿರಲಿಲ್ಲ. ತಿಂಗಳಿಗೆ ನೂರಕ್ಕೆ ಇಬ್ಬರ ಆಸುಪಾಸಿನಲ್ಲಿ ಗ್ರಾಹಕರು ಸೇವೆಯನ್ನು ಬಿಡುತ್ತಿದ್ದರು. ಕೇಳಲು ಇದು ಅಲ್ಪವೆನಿಸುತ್ತದೆ. ಚಕ್ರಬಡ್ಡಿಯಂತೆ ಲೆಕ್ಕ ಹಾಕಿದರೆ ವರ್ಷದ ಆರಂಭದಲ್ಲಿದ್ದ ಸಾವಿರ ಜನರಲ್ಲಿ ವರ್ಷಾಂತ್ಯಕ್ಕೆ ಉಳಿಯುವವರು 785 ಮಂದಿ ಮಾತ್ರ. ಹೋದವರ ಜಾಗ ತುಂಬಲು ಪುನಃ ಜಾಹೀರಾತು.

ಇನ್ನು ಬೆಲೆ. ಷೇರಿಗೆ 17 ಡಾಲರಿನಂತೆ ಇಡೀ ಕಂಪನಿಗೆ ಕಟ್ಟಿದ ಮೌಲ್ಯ ಸುಮಾರು 265 ಕೋಟಿ ಡಾಲರ್. ಅಂದು ಅದರ ಬಳಿ ಇದ್ದ ದೂರವಾಣಿ ಸಂಪರ್ಕಗಳು ಸುಮಾರು 16 ಲಕ್ಷ. ಭಾಗಿಸಿ ನೋಡಿರಿ: ಒಂದು ಸಂಪರ್ಕಕ್ಕೆ ಸುಮಾರು 1,650 ಡಾಲರ್. ಆ ಸಂಪರ್ಕದಿಂದ ವರ್ಷಕ್ಕೆ ಬರುವ ಒಟ್ಟು ವಸೂಲಿ, ಲಾಭವಲ್ಲ, 300 ಡಾಲರ್. ನನ್ನ ಕಕ್ಷಿದಾರರ ಮಗಳು ಷೇರು ಕೊಂಡರೆ, ತನ್ನಂಥ ಪ್ರತಿ ಗ್ರಾಹಕಿಯು ಕಟ್ಟುವ ಐದು ವರ್ಷಕ್ಕೂ ಹೆಚ್ಚಿನ ಬಿಲ್ಲಿನ ಮೊತ್ತವನ್ನು ಆಕೆ ಮುಂಗಡವಾಗಿ ಕೊಟ್ಟಂತಾಗುತ್ತಿತ್ತು. ಐದು ವರ್ಷ ಆಕೆ ಅದೇ ಫೋನನ್ನು ಇಟ್ಟುಕೊಳ್ಳುವಳೇ ಎಂದು ತಂದೆಯನ್ನು ಕೇಳಿದೆ. ಅವರಿಗೆ ನಗು ಬಂತು. "ಮುಂದಿನ ವರ್ಷ ಮನೆ ಬದಲಾಯಿಸುತ್ತಾರಂತೆ, ಅಲ್ಲಿ ಕೇಬಲ್‌ನವನೇ ಫೋನನ್ನೂ ಕೊಡುತ್ತಾನಂತೆ" ಎಂದರು.

ವಿತರಣೆಯ 3.125 ಕೋಟಿ ಷೇರುಗಳಲ್ಲಿ ಶೇಕಡಾ 13.5ರಷ್ಟನ್ನು ಗ್ರಾಹಕರಿಗೆಂದು ಮೀಸಲಿಡಲಾಗಿತ್ತು. ದೊಡ್ಡ ಹಣಕಾಸು ಸಂಸ್ಥೆಗಳಿಗೆ ಮಾತ್ರ ಸಿಗುವ ಬಾಗಿಲನ್ನು ಸಾಮಾನ್ಯ ಗ್ರಾಹಕನಿಗೆ ತೆರೆಯುವ ಔದಾರ್ಯವೆಂದು ಇದನ್ನು ಹಲವರು ಭಾವಿಸಿದರು. ಮೇ 24ರಂದು ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದಲ್ಲಿ ವಹಿವಾಟು ಆರಂಭವಾಗಿ, ದಿನದ ಕೊನೆಗೆ ಬೆಲೆ 14.85 ಡಾಲರ್‌ಗೆ ಇಳಿಯಿತು. ಮುಂದಿನ ದಿನಗಳಲ್ಲಿ ಇನ್ನೂ ಕುಸಿಯಿತು. ಅರ್ಜಿ ಹಾಕಿದ್ದ ಗ್ರಾಹಕರಲ್ಲಿ ಕೆಲವರು ಹಣ ಕೊಡಲು ನಿರಾಕರಿಸಿದರು; ಆ ಹೊರೆಯನ್ನು ಕಂಪನಿಯೇ ಹೊರಬೇಕಾಯಿತು; ದಾವೆಗಳು ಹೂಡಲ್ಪಟ್ಟವು. ಈ ಗ್ರಾಹಕ ಯೋಜನೆಯ ನಿರ್ವಹಣೆಯಲ್ಲಿನ ಲೋಪಗಳಿಗಾಗಿ ವಿತರಣೆಯನ್ನು ನಡೆಸಿಕೊಟ್ಟ ಮೂರು ದೊಡ್ಡ ಬ್ಯಾಂಕುಗಳಿಗೆ 2009ರಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ದಂಡ ವಿಧಿಸಿತು. 2007ರಲ್ಲಿ ವೆರೈಜನ್ ಕಂಪನಿಯೊಡನೆ ನಡೆದ ಪೇಟೆಂಟ್ ಮೊಕದ್ದಮೆಯಲ್ಲಿ ವಾನೇಜ್ ಸೋತಿತು. ಒಂದು ಕಾಲಕ್ಕೆ ಷೇರಿನ ಬೆಲೆ ಒಂದು ಡಾಲರಿಗಿಂತಲೂ ಕೆಳಗೆ ಬಂದಿತ್ತು.

ಆದರೆ ಕಂಪನಿ ಮುಳುಗಲಿಲ್ಲ. ಮನೆಗಳ ದೂರವಾಣಿಯನ್ನು ಬಿಟ್ಟು ವ್ಯಾಪಾರ ಸಂಸ್ಥೆಗಳಿಗೆ ಸೇವೆ ಒದಗಿಸುವತ್ತ ತಿರುಗಿ ಚೇತರಿಸಿಕೊಂಡಿತು. 2022ರ ಜುಲೈನಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿ ಷೇರಿಗೆ 21 ಡಾಲರಿನಂತೆ, ಒಟ್ಟು ಸುಮಾರು 620 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತು. ಮೊದಲ ದಿನ 17 ಡಾಲರ್ ಕೊಟ್ಟು, ಎಲ್ಲ ಆತಂಕಗಳ ನಡುವೆಯೂ ಹದಿನಾರು ವರ್ಷ ಬಿಗಿ ಹಿಡಿದ ಮಹಾನುಭಾವನಿಗೆ ದೊರೆತ ಬೆಲೆಯೇರಿಕೆ ವರ್ಷಕ್ಕೆ ಶೇಕಡಾ 1.3. ಅದೇ ಅವಧಿಯಲ್ಲಿ ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ ಸುಮಾರು ಮೂರು ಪಟ್ಟಾಗಿತ್ತು. (ಒಂದು ಡಾಲರಿಗಿಂತ ಕೆಳಗಿದ್ದಾಗ ಕೊಂಡವನು ಇಪ್ಪತ್ತು ಪಟ್ಟಿಗೂ ಮಿಕ್ಕಿ ಪಡೆದ ಎಂಬುದೂ ನಿಜ. ಕಂಪನಿ ಅದೇ, ಕೊಂಡ ಬೆಲೆ ಬೇರೆ.)

ನಮ್ಮ ಊರಿನ ವಿಮಾನ

ಈಗ ಏರ್ ಡೆಕ್ಕನ್‌ಗೆ ಬರೋಣ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು 2003ರಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಆರಂಭಿಸಿದ ಈ ಸಂಸ್ಥೆಯ ಬಗ್ಗೆ ಕನ್ನಡಿಗ ವ್ಯಾಪಾರಿಗಳಿಗೆ ಇದ್ದದ್ದು ಬರಿಯ ಗ್ರಾಹಕರ ತೃಪ್ತಿಯಲ್ಲ, ಅಭಿಮಾನ. ರಾತ್ರಿ ಬಸ್ಸಿನಲ್ಲಿ ಹೋಗುತ್ತಿದ್ದವರನ್ನು ಅದು ವಿಮಾನ ಹತ್ತಿಸಿತು. ಅಭಿಮಾನಕ್ಕೆ ಬ್ಯಾಲೆನ್ಸ್ ಶೀಟಿನಲ್ಲಿ ಕಲಮು ಇಲ್ಲವಾದರೂ ಷೇರು ಅರ್ಜಿಗೆ ಸಹಿ ಹಾಕಿಸುವ ಶಕ್ತಿ ಅದಕ್ಕೆ ಉಂಟು.

ವಿತರಣೆ ತೆರೆದದ್ದು 2006ರ ಮೇ 18ರಂದು. ದುರದೃಷ್ಟವಶಾತ್ ಅದೇ ದಿನ ಮುಂಬಯಿ ಸೂಚ್ಯಂಕ 826 ಅಂಶ ಕುಸಿಯಿತು. 22ರಂದು ಕುಸಿತ ಇನ್ನಷ್ಟು ತೀವ್ರವಾಗಿ ವಹಿವಾಟನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಅರ್ಜಿಗಳು ಸಾಲದೆ ಬೆಲೆಯ ಕೆಳಮಿತಿಯನ್ನು ಇಳಿಸಿ, ಮುಕ್ತಾಯದ ದಿನವನ್ನು ಮುಂದೂಡಿ, ಕೊನೆಗೆ ಷೇರಿಗೆ 148 ರೂಪಾಯಿಯಂತೆ ವಿತರಣೆ ಪೂರ್ಣಗೊಂಡಿತು. ಜೂನ್ 12ರಂದು ಪೇಟೆಗೆ ಬಂದ ಮೊದಲ ದಿನವೇ ಬೆಲೆ ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಯಿತು.

ನನ್ನ ಕಕ್ಷಿದಾರರಿಗೆ ನಾನು ಅಂದು ಬೇಡವೆಂದೇ ಹೇಳಿದ್ದೆ, ಅವರೂ ಹಾಕಲಿಲ್ಲ. ಆದರೆ ಇದರಲ್ಲಿ ನಾನು ಹೆಮ್ಮೆ ಪಡುವಂಥದ್ದೇನೂ ಇಲ್ಲ. ಏಕೆಂದರೆ ಒಂದು ವರ್ಷದಲ್ಲೇ, 2007ರಲ್ಲಿ, ಯುಬಿ ಸಮೂಹವು ಏರ್ ಡೆಕ್ಕನ್‌ನ ಶೇಕಡಾ 26ರಷ್ಟು ಪಾಲನ್ನು ಷೇರಿಗೆ 155 ರೂಪಾಯಿಯಂತೆ ಕೊಂಡಿತು. ಕಾನೂನಿನಂತೆ ಸಾರ್ವಜನಿಕ ಷೇರುದಾರರಿಗೂ ಅದೇ ಬೆಲೆಗೆ ಶೇಕಡಾ 20ರ ಕೊಡುಗೆಯನ್ನು ನೀಡಿತು. ಗಾಬರಿಯಾಗದೆ ಕಾದವರಿಗೆ ಹಾಕಿದ ಹಣಕ್ಕಿಂತ ಏಳು ರೂಪಾಯಿ ಹೆಚ್ಚು ಪಡೆದು ಹೊರಬರುವ ಒಂದು ಕಿಂಡಿ ತೆರೆದಿತ್ತು. ಇದನ್ನು ನಾನು ಊಹಿಸಿರಲಿಲ್ಲ, ಯಾರೂ ಊಹಿಸಿರಲಿಲ್ಲ. ನಂತರ 2008ರಲ್ಲಿ ಕಿಂಗ್‌ಫಿಷರ್ ಏರ್‌ಲೈನ್ಸ್ ಇದೇ ಕಂಪನಿಯಲ್ಲಿ ವಿಲೀನವಾಗಿ, ಅದರ ಹೆಸರೇ ಕಿಂಗ್‌ಫಿಷರ್ ಎಂದು ಬದಲಾಯಿತು. ಹುಬ್ಬಳ್ಳಿ ವಿಮಾನದ ಪ್ರೀತಿಯಿಂದ ಷೇರು ಕೊಂಡವನು ತಾನೇನೂ ಮಾಡದೆ ಬೇರೊಂದು ಕಂಪನಿಯ ಷೇರುದಾರನಾದ. 2012ರ ಅಕ್ಟೋಬರ್‌ನಲ್ಲಿ ಆ ವಿಮಾನಗಳ ಹಾರಾಟ ನಿಂತಿತು. ಮುಂದೆ ಷೇರಿನ ವಹಿವಾಟೂ ನಿಂತು, ಅದನ್ನು ವಿನಿಮಯ ಕೇಂದ್ರಗಳ ಪಟ್ಟಿಯಿಂದ ತೆಗೆಯಲಾಯಿತು.

ಎರಡು ಕಂಪನಿಗಳಲ್ಲೂ ಗಿರಾಕಿಗೆ ತಿಳಿದಿದ್ದ ವಿಷಯ ಸರಿಯಾಗಿಯೇ ಇತ್ತು. ಫೋನು ಅಗ್ಗ, ಟಿಕೆಟ್ ಅಗ್ಗ. ಆದರೆ ಗಿರಾಕಿಗೆ ಅಗ್ಗವಾಗಿ ಸಿಗುತ್ತಿರುವುದು ಷೇರುದಾರನ ಜೇಬಿನಿಂದಲೇ ಆಗಿರಬಹುದು. ಒಂದು ರೂಪಾಯಿಗೆ ವಿಮಾನದ ಟಿಕೆಟ್ ಪಡೆದಾತ ಸಂತೋಷಪಡಬೇಕು, ಸರಿ. ಆ ಟಿಕೆಟ್ ಮಾರಿದವನ ಪಾಲುದಾರನಾಗುವ ಮುನ್ನ ಉಳಿದ ವೆಚ್ಚವನ್ನು ಯಾರು ತುಂಬುತ್ತಿದ್ದಾರೆ ಎಂದು ಕೇಳಬೇಕಾಗುತ್ತದೆ.

ನಮ್ಮಲ್ಲಿ ಗ್ರಾಹಕರ ಮೀಸಲು

ಭಾರತದಲ್ಲಿಯೂ ಇಂಥ ಮೀಸಲಿಗೆ ಅವಕಾಶವಿತ್ತು. ಸೆಬಿಯ 2009ರ ನಿಯಮಾವಳಿಯಂತೆ ಕಂಪನಿಯ ಠೇವಣಿದಾರರು, ಬಾಂಡುದಾರರು ಮತ್ತು ಸೇವೆಯ ಚಂದಾದಾರರಿಗೆ ವಿತರಣೆಯ ಶೇಕಡಾ 5ರವರೆಗೆ ಎತ್ತಿಡಬಹುದಾಗಿತ್ತು. 2018ರ ನಿಯಮಾವಳಿಯಲ್ಲಿ ಆ ವರ್ಗವನ್ನು ಉಳಿಸಿಕೊಳ್ಳಲಿಲ್ಲ. ದೊಡ್ಡ ಅಪವಾದವೆಂದರೆ ಜೀವ ವಿಮಾ ನಿಗಮ. ಅದರ ಕಾಯ್ದೆಗೇ ತಿದ್ದುಪಡಿ ತಂದು ಪಾಲಿಸಿದಾರರಿಗೆ ಶೇಕಡಾ 10ರವರೆಗೆ ಮೀಸಲು ಕೊಡಲಾಯಿತು.

2022ರ ಮೇ ತಿಂಗಳ ಆ ವಿತರಣೆಯಲ್ಲಿ ನಮ್ಮ ಸದಸ್ಯರ ಪೈಕಿ ಅರ್ಜಿ ಹಾಕದವರೇ ವಿರಳವೆನ್ನಬೇಕು. ಮನೆಯಲ್ಲಿ ಒಂದಾದರೂ ಪಾಲಿಸಿ ಇಲ್ಲದ ವ್ಯಾಪಾರಿ ಯಾರು? ಬೆಲೆ 949 ರೂಪಾಯಿ. ಪಾಲಿಸಿದಾರರಿಗೆ 60 ರೂಪಾಯಿ ರಿಯಾಯಿತಿ ಕಳೆದು 889. ಮೇ 17ರಂದು ಮೊದಲ ದಿನದ ಮುಕ್ತಾಯ ಬೆಲೆ 875ರ ಆಸುಪಾಸು. ರಿಯಾಯಿತಿ ಪಡೆದವನಿಗೂ ನಷ್ಟ. 2023ರ ಮಾರ್ಚ್‌ನಲ್ಲಿ 550ಕ್ಕಿಂತ ಕೆಳಗೆ ಹೋದ ಷೇರು 2024ರ ಆರಂಭದಲ್ಲಿ ವಿತರಣಾ ಬೆಲೆಯನ್ನು ದಾಟಿತು. ವಾನೇಜಿಗೂ ಇದಕ್ಕೂ ಹೋಲಿಕೆ ಇಲ್ಲ; ನಿಗಮ ಲಾಭದಲ್ಲಿರುವ ಸಂಸ್ಥೆ, ಲಾಭಾಂಶವನ್ನೂ ಕೊಟ್ಟಿದೆ. ಆದರೂ ಎರಡು ವರ್ಷ ಕಾಯುವ ಶಕ್ತಿ ಇದ್ದವನಿಗೆ ಮಾತ್ರ ಅಸಲು ಕೈಗೆ ಬಂತು. ಆ ಎರಡು ವರ್ಷಗಳಲ್ಲಿ ಕಬ್ಬಿಣದ ಸರಬರಾಜುದಾರನ ಬಾಕಿಗಾಗಿ ಷೇರು ಮಾರಿದವರ ಹೆಸರುಗಳು ನನ್ನ ಕಡತಗಳಲ್ಲಿವೆ.

ನಮ್ಮ ನೆರೆಹೊರೆಯ ಕಂಪನಿಗಳು

ಗ್ರಾಹಕನ ಅನುಭವಕ್ಕೆ ಬೆಲೆಯೇ ಇಲ್ಲವೆಂದು ನಾನು ಹೇಳಲಾರೆ. ನನ್ನ ಅನುಭವದಲ್ಲಿ ಅದು "ಕೊಳ್ಳು" ಎನ್ನುವುದಕ್ಕಿಂತ "ಬೇಡ" ಎನ್ನುವುದಕ್ಕೆ ಹೆಚ್ಚು ನಂಬಬಹುದಾದ ಸಾಕ್ಷ್ಯ. ಬೆಂಗಳೂರಿನ ಎರಡು ವಿದ್ಯುತ್ ಸ್ಕೂಟರ್ ಕಂಪನಿಗಳನ್ನು ನೋಡಿರಿ. ಓಲಾ ಎಲೆಕ್ಟ್ರಿಕ್ 2024ರ ಆಗಸ್ಟ್‌ನಲ್ಲಿ 76 ರೂಪಾಯಿಗೆ ಷೇರು ವಿತರಿಸಿತು. ಹತ್ತೇ ದಿನಗಳಲ್ಲಿ ಬೆಲೆ 157ನ್ನು ಮುಟ್ಟಿ, ವರ್ಷ ಕಳೆಯುವ ಮೊದಲೇ ವಿತರಣಾ ಬೆಲೆಗಿಂತ ಬಹಳ ಕೆಳಗೆ ಇಳಿಯಿತು. ಆ ಆಗಸ್ಟ್‌ಗೆ ಕೊನೆಗೊಂಡ ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಆ ಕಂಪನಿಯ ಬಗ್ಗೆ 10 ಸಾವಿರಕ್ಕೂ ಹೆಚ್ಚು ದೂರುಗಳು ಬಂದಿದ್ದವು. ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸು ನೀಡಿತು. ಸರ್ವಿಸ್ ಕೇಂದ್ರದ ಮುಂದೆ ಸಾಲಿನಲ್ಲಿ ನಿಂತಿದ್ದ ಗಿರಾಕಿಗೆ ವಿವರಣ ಪತ್ರ ಓದದೆಯೇ ಒಂದು ಅಂಶ ತಿಳಿದಿತ್ತು. ಏಥರ್ ಎನರ್ಜಿ 2025ರ ಏಪ್ರಿಲ್–ಮೇನಲ್ಲಿ 321 ರೂಪಾಯಿಗೆ ಬಂದಾಗ ಅಂಥ ಉತ್ಸಾಹವಿರಲಿಲ್ಲ. ಮೊದಲ ದಿನ ವಿತರಣಾ ಬೆಲೆಗಿಂತ ಕೆಳಗೇ ಮುಗಿಯಿತು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ 600ನ್ನು ದಾಟಿತು. ಎರಡೂ ನಷ್ಟದಲ್ಲಿದ್ದ ಕಂಪನಿಗಳೇ ಎಂಬುದನ್ನು ಮರೆಯಬಾರದು. ಸ್ಕೂಟರು ಚೆನ್ನಾಗಿದೆ ಎಂಬ ಕಾರಣಕ್ಕೆ ಏಥರ್ ಕೊಂಡವನು ಗೆದ್ದಿದ್ದರೆ ಅದರಲ್ಲಿ ಅವನ ಜಾಣ್ಮೆಯ ಪಾಲೆಷ್ಟು ಎಂದು ಹೇಳುವುದು ಕಷ್ಟ.

ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ ಉದಾಹರಣೆಯನ್ನು ಈ ಚರ್ಚೆಯಲ್ಲಿ ಯಾರಾದರೊಬ್ಬರು ಎತ್ತಿಯೇ ಎತ್ತುತ್ತಾರೆ. 1993ರಲ್ಲಿ 95 ರೂಪಾಯಿಗೆ ಕೊಟ್ಟ ಷೇರಿಗೆ ಸಾಕಷ್ಟು ಅರ್ಜಿಗಳೇ ಬರಲಿಲ್ಲ. ಮಾರ್ಗನ್ ಸ್ಟಾನ್ಲಿ ಶೇಕಡಾ 13ರಷ್ಟನ್ನು ಕೊಂಡು ವಿತರಣೆಯನ್ನು ಉಳಿಸಿತು. ನಿಜ. ಆದರೆ ಆ ಕಂಪನಿಯ ಗಿರಾಕಿಗಳು ವಿದೇಶಗಳಲ್ಲಿದ್ದರು, ನಮ್ಮಲ್ಲಿ ಯಾರೂ ಅದರ ಸಾಮಾನು ಬಳಸಿ ಮೆಚ್ಚಿರಲಿಲ್ಲ. ಅಂದು ಕೊಂಡ ಕೆಲವರು ಲಾಭದ ಪತ್ರಿಕೆ ಓದಿ ಕೊಂಡರು.

ವಿವರಣ ಪತ್ರದಲ್ಲಿ ಎಲ್ಲಿ ನೋಡಬೇಕು

ನಾಲ್ಕೈದು ನೂರು ಪುಟಗಳ ವಿವರಣ ಪತ್ರವನ್ನು ಪೂರ್ತಿ ಓದಿರೆಂದು ಹೇಳಿದರೆ ಯಾರೂ ಓದುವುದಿಲ್ಲ. ನಾನು ಮೊದಲು ತೆರೆಯುವುದು ಹಣ ಯಾರಿಗೆ ಹೋಗುತ್ತದೆ ಎಂಬ ಪುಟವನ್ನು. 2024ರ ನವೆಂಬರ್‌ನಲ್ಲಿ ಸ್ವಿಗ್ಗಿ ಕಂಪನಿಯ ವಿತರಣೆ ಸುಮಾರು 11,327 ಕೋಟಿ ರೂಪಾಯಿಯದು. ಅದರಲ್ಲಿ ಕಂಪನಿಯ ತಿಜೋರಿಗೆ ಹೋದದ್ದು 4,499 ಕೋಟಿ. ಉಳಿದ 6,828 ಕೋಟಿ ಷೇರು ಮಾರಿ ಹೊರಟ ಹಳೆಯ ಹೂಡಿಕೆದಾರರಿಗೆ. ಹಳಬರು ಮಾರುವುದು ತಪ್ಪಲ್ಲ. ಆದರೆ ಕಂಪನಿಯ ಒಳಗನ್ನು ಹತ್ತು ವರ್ಷದಿಂದ ಬಲ್ಲವನು ಮಾರುವಾಗ, ಊಟ ತರಿಸಿಕೊಂಡು ಮಾತ್ರ ಬಲ್ಲವನು ಕೊಳ್ಳುತ್ತಿದ್ದಾನೆ ಎಂಬ ಎಚ್ಚರ ಇರಬೇಕು. ಎರಡನೆಯದಾಗಿ ಕಾರ್ಯಾಚರಣೆಯಿಂದ ಬಂದ ನಗದಿನ ಪಟ್ಟಿ; ಲಾಭವನ್ನು ಹೊಂದಿಸಿ ತೋರಿಸಬಹುದು, ನಗದನ್ನು ಹಾಗೆ ತೋರಿಸುವುದು ಕಷ್ಟ. ಆಮೇಲೆ ಬಾಕಿಯಿರುವ ಮೊಕದ್ದಮೆಗಳು. ಅಪಾಯಗಳ ಅಧ್ಯಾಯವನ್ನು ವಕೀಲರ ಒಣ ಮಾತೆಂದು ತಳ್ಳಿಹಾಕುವುದು ರೂಢಿ; ವಾನೇಜ್ ತನ್ನ ಪತ್ರದಲ್ಲಿ ಮುಂದೆಯೂ ನಷ್ಟವಾಗುವುದೆಂದೂ, ಎಂದಿಗೂ ಲಾಭ ಕಾಣದೆ ಇರಬಹುದೆಂದೂ ಸ್ಪಷ್ಟವಾಗಿಯೇ ಬರೆದಿತ್ತು.

ನಮ್ಮ ವ್ಯವಸ್ಥೆಯಲ್ಲಿ ಒಂದು ಅನುಕೂಲವಿದೆ. ಅರ್ಜಿಯ ಹಣ ನಿಮ್ಮ ಖಾತೆಯಲ್ಲೇ ತಡೆಹಿಡಿಯಲ್ಪಟ್ಟು, ಷೇರು ಹಂಚಿಕೆಯಾದರೆ ಮಾತ್ರ ಕಡಿತವಾಗುತ್ತದೆ. 2023ರ ಡಿಸೆಂಬರ್‌ನಿಂದ ವಿತರಣೆ ಮುಗಿದ ಮೂರೇ ಕೆಲಸದ ದಿನಗಳಲ್ಲಿ ಷೇರು ಪೇಟೆಗೆ ಬರಬೇಕು. ಹೀಗಾಗಿ ಹಣ ಸಿಕ್ಕಿಹಾಕಿಕೊಳ್ಳುವ ಭಯ ಕಡಮೆ. ಈ ಸುಲಭವೇ ಹೊಸ ರೋಗವೊಂದಕ್ಕೆ ದಾರಿಯಾಗಿದೆ: ಕ್ಯಾಶ್ ಕ್ರೆಡಿಟ್ ಖಾತೆಯಿಂದ ಹಣ ತೆಗೆದು ಮನೆಮಂದಿಯ ಹೆಸರಿನಲ್ಲಿ ಅರ್ಜಿ ಹಾಕುವುದು.

ಕಳೆದ ತಿಂಗಳು ಇದೇ ಪ್ರಸಂಗ. ಮೇಲೆ ಹೇಳಿದ ಕಾರ್ಖಾನೆಯನ್ನು ಈಗ ಅವರ ಮಗ ನಡೆಸುತ್ತಾರೆ. ಅವರು ಬಿಡಿಭಾಗ ಸರಬರಾಜು ಮಾಡುವ ಬೆಂಗಳೂರಿನ ಕಂಪನಿಯೊಂದು ಷೇರು ಪೇಟೆಗೆ ಬರಲಿದೆ. ಕುಟುಂಬದ ಐವರ ಹೆಸರಿನಲ್ಲಿ ತಲಾ 2 ಲಕ್ಷ, ಒಟ್ಟು 10 ಲಕ್ಷ ರೂಪಾಯಿ ಹಾಕುವ ಯೋಚನೆ. "ಅವರ ಆರ್ಡರ್ ಹೆಚ್ಚುತ್ತಿರುವುದು ನಮ್ಮ ಇನ್‌ವಾಯ್ಸಿನಲ್ಲೇ ಕಾಣುತ್ತದಲ್ಲ ಸಾರ್" ಎಂಬುದು ಅವರ ವಾದ. ತಂದೆಯ ವಾದಕ್ಕಿಂತ ಇದು ಬಲವಾದದ್ದೆಂದು ಒಪ್ಪಬೇಕು. ಆದರೆ ಆ ಕಂಪನಿ ಎಡವಿದರೆ ಇವರ ಆರ್ಡರ್ ನಿಲ್ಲುತ್ತದೆ, ಬರಬೇಕಾದ ಬಾಕಿ ನಿಲ್ಲುತ್ತದೆ, ಷೇರಿನ ಬೆಲೆಯೂ ಬೀಳುತ್ತದೆ. ಮೂರೂ ಒಂದೇ ದಿನ. ವ್ಯಾಪಾರದ ಶೇಕಡಾ 40ಕ್ಕಾಗಿ ಯಾರನ್ನು ಅವಲಂಬಿಸಿದ್ದೇವೋ ಅವರಲ್ಲೇ ಉಳಿತಾಯವನ್ನೂ ಇಡುವುದು ಎಂಥ ಲೆಕ್ಕ?

ನಾನು ಅವರಿಂದ ಸ್ಟಾಕ್ ಸ್ಟೇಟ್‌ಮೆಂಟ್ ಮತ್ತು ಕೊಡಬೇಕಾದವರ ಪಟ್ಟಿಯನ್ನು ತರಿಸಿಕೊಂಡೆ. ದುಡಿಯುವ ಬಂಡವಾಳಕ್ಕೆಂದು ಬ್ಯಾಂಕು ಕೊಟ್ಟ ಸಾಲವನ್ನು ಷೇರಿಗೆ ತಿರುಗಿಸುವುದು ಮಂಜೂರಾತಿ ಪತ್ರದ ಷರತ್ತಿಗೆ ವಿರುದ್ಧ. ಇದು ಬಹುತೇಕರಿಗೆ ತಿಳಿದೇ ಇದೆ. ತಿಳಿಯದೆ ಹೋಗುವುದು ಇನ್ನೊಂದು. 2023ರ ಹಣಕಾಸು ಕಾಯ್ದೆಯ ಮೂಲಕ ಬಂದ ನಿಯಮದಂತೆ, ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಕೊಡಬೇಕು. ಗಡುವು ಮೀರಿ ವರ್ಷಾಂತ್ಯಕ್ಕೂ ಬಾಕಿ ಉಳಿದರೆ, ಆ ವೆಚ್ಚವನ್ನು ಆ ವರ್ಷದ ಆದಾಯದಿಂದ ಕಳೆಯುವಂತಿಲ್ಲ. ಇವರ ಪಟ್ಟಿಯಲ್ಲಿ ಪ್ಲೇಟಿಂಗ್ ಮಾಡಿಕೊಡುವ ಒಬ್ಬರಿಗೆ 6 ಲಕ್ಷದ 80 ಸಾವಿರ ಬಾಕಿ ಇತ್ತು, ಉದ್ಯಮ್ ನೋಂದಣಿ ಇರುವ ಘಟಕ, 52 ದಿನ ಕಳೆದಿತ್ತು.

ಮೂರು ದಿನ ಬಿಟ್ಟು ಅವರು ಫೋನು ಮಾಡಿದರು. ಪ್ಲೇಟಿಂಗಿನವರ ಬಾಕಿಯನ್ನು ತೀರಿಸಿದ್ದರು. ತಮ್ಮ ಸ್ವಂತ ಉಳಿತಾಯ ಖಾತೆಯಿಂದ ಪತ್ನಿಯ ಹೆಸರಿನಲ್ಲಿ ಒಂದೇ ಲಾಟಿಗೆ, ಎಂದರೆ ಹದಿನೈದು ಸಾವಿರದೊಳಗಿನ ಮೊತ್ತಕ್ಕೆ, ಅರ್ಜಿ ಹಾಕುವುದಾಗಿ ಹೇಳಿದರು. ಅದಕ್ಕೂ ಬೇಡವೆನ್ನುವೆನೋ ಎಂದು ಅವರು ಕಾಯುತ್ತಿದ್ದಂತೆ ತೋರಿತು. ನಾನು ಬೇಡವೆನ್ನಲಿಲ್ಲ, ಡಿಮ್ಯಾಟ್ ಖಾತೆಗೆ ನಾಮನಿರ್ದೇಶನ ಮಾಡಿಸಿದ್ದಾರೆಯೇ ಎಂದು ಮಾತ್ರ ವಿಚಾರಿಸಿದೆ. ಮಾಡಿಸಿರಲಿಲ್ಲ.